ಮದುವೆ ಕಾರ್ಡಿನ ಹಿಂದೆ ಒಂದು ವರ್ಣಮಾಲೆ

ನಮ್ಮ ಮನೆಯಲ್ಲಿ ಮದುವೆ ಕಾರ್ಡು ಎಸೆಯುವ ಪದ್ಧತಿ ಇಲ್ಲ. ಅಮ್ಮಿ ಅವನ್ನೆಲ್ಲ ಬೀರುವಿನ ಮೇಲೆ ಒಂದು ಶೂ ಡಬ್ಬಿಯಲ್ಲಿ ಕೂಡಿಡುತ್ತಾರೆ. ದಪ್ಪ ಕಾಗದ, ಹಿಂಬದಿ ಪೂರ್ತಿ ಖಾಲಿ, ‘ಯಾವುದಕ್ಕಾದ್ರೂ ಬರುತ್ತೆ, ಇರಲಿ’ ಅನ್ನುವುದು ಅವರ ವಾದ. ಕೊನೆಗೂ ಅದು ಯಾವುದಕ್ಕೆ ಬಂತು ಎಂದು ಹೇಳಲು ಈ ಬರಹ.

ನಾನು ಮೈಸೂರಿನ ರಾಜೀವನಗರದವನು. ಬಿ.ಕಾಂ. ಮುಗಿದಿದೆ, ಕೆಲಸ ಹುಡುಕುತ್ತಿದ್ದೇನೆ. ಮನೆಮಾತು ಉರ್ದು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಆಪಾ, ಅಂದರೆ ನಮ್ಮಕ್ಕ, ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಉರ್ದು ಮಾಧ್ಯಮದಲ್ಲಿ. ಅವಳಿಗೆ ಕನ್ನಡ ತೃತೀಯ ಭಾಷೆಯಾಗಿತ್ತು. ಆಮೇಲೆ ಡಿಗ್ರಿ ಮಾಡಿದಳು, ಬೀದಿಯ ಮಕ್ಕಳಿಗೆಲ್ಲ ಲೆಕ್ಕದ ಟ್ಯೂಷನ್ ಹೇಳುತ್ತಾಳೆ. ಸಾಮಾನ್ಯ ಜ್ಞಾನದಲ್ಲಿ ನನ್ನನ್ನು ಕೂರಿಸಿ ಪಾಠ ಮಾಡುವಷ್ಟು ಚುರುಕು.

ಸರ್ಕಾರಿ ನೌಕರಿಗೆ ಓದುತ್ತಿರುವವರಿಗೆ ಗೊತ್ತಿರುತ್ತದೆ. ಕರ್ನಾಟಕ ಲೋಕಸೇವಾ ಆಯೋಗದ ಎಫ್‌ಡಿಎ, ಎಸ್‌ಡಿಎಯಂಥ ಹುದ್ದೆಗಳಿಗೆ 150 ಅಂಕಗಳ ಕಡ್ಡಾಯ ಕನ್ನಡ ಪತ್ರಿಕೆ ಇರುತ್ತದೆ. ಪಾಸಾಗಲು 50 ಬೇಕು. ಆ 50 ಬರದಿದ್ದರೆ ಬೇರೆ ಪತ್ರಿಕೆಗಳಲ್ಲಿ ಎಷ್ಟೇ ತೆಗೆದರೂ ಆಯ್ಕೆಯ ಮಾತಿಲ್ಲ. ಆಪಾಗೆ ಬಂದದ್ದು 43.

ಏಳು ಅಂಕ. ಆವತ್ತು ಅವಳು ಅಳಲಿಲ್ಲ. ಕನ್ನಡ ಪುಸ್ತಕಗಳನ್ನೆಲ್ಲ ಒಂದು ಬ್ಯಾಗಿಗೆ ತುಂಬಿ ಮಂಚದ ಕೆಳಗೆ ತಳ್ಳಿದಳು. ‘ಇದು ನನ್ನ ಕೈಲಿ ಆಗೋದಲ್ಲ’ ಅಂದಳು. ಆಮೇಲೆ ಒಂದು ವಿಚಿತ್ರ ಶುರುವಾಯಿತು. ತರಕಾರಿಯವನ ಹತ್ತಿರ ಸಲೀಸಾಗಿ ಕನ್ನಡ ಮಾತಾಡುತ್ತಿದ್ದವಳು ನನ್ನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲತೊಡಗಿದಳು. ಸೋತದ್ದು ಪರೀಕ್ಷೆಯಲ್ಲಿ, ಮುಚ್ಚಿದ್ದು ಬಾಯಿ.

ಳ ಬಂದರೆ ಏನು ಮಾಡೋದು?

ನಮ್ಮದು ಐದಾರು ಜನರ ಓದುವ ಗುಂಪು. ಟಿ. ನರಸೀಪುರ ಕಡೆಯ ಹಳ್ಳಿಯಿಂದ ಬಂದು ಕೆಸರೆಯಲ್ಲಿ ರೂಮು ಮಾಡಿಕೊಂಡಿರುವ ನನ್ನ ಗೆಳೆಯ, ಇಂಗ್ಲಿಷ್ ಕಾನ್ವೆಂಟಿನಲ್ಲಿ ಓದಿದ ನಮ್ಮ ಚಿಕ್ಕಪ್ಪನ ಮಗ, ಉದಯಗಿರಿಯಿಂದ ಬರುವ ಆಪಾಳ ಇಬ್ಬರು ಗೆಳತಿಯರು, ನಾನು. ಭಾನುವಾರ ಸಂಜೆ ನಮ್ಮ ಮನೆ ಮಹಡಿಯ ಮೇಲೆ ಸೇರುತ್ತೇವೆ. ಕರೆಂಟು ಹೋಗಿದ್ದ ಒಂದು ಸಂಜೆ ಓದಲು ಆಗದೆ ಪದಗಳ ಅಂತ್ಯಾಕ್ಷರಿ ಶುರು ಮಾಡಿದೆವು. ಒಬ್ಬರು ಹೇಳಿದ ಪದದ ಕೊನೆಯ ಅಕ್ಷರದಿಂದ ಇನ್ನೊಬ್ಬರು ಪದ ಹೇಳಬೇಕು. ಆಟ ಐದು ನಿಮಿಷವೂ ಓಡಲಿಲ್ಲ. ಯಾರೋ ‘ಮರಗಳು’ ಅಂದರು. ಳ ಎಂಬ ಅಕ್ಷರದಿಂದ ಶುರುವಾಗುವ ಪದ ಕನ್ನಡದಲ್ಲಿ ಎಲ್ಲಿದೆ?

ಹಾಡಿನ ಅಂತ್ಯಾಕ್ಷರಿಯಲ್ಲಿ ಇದಕ್ಕೆ ಹಳೆಯ ರಾಜಿಸೂತ್ರವಿದೆ: ಳ ಬಂದರೆ ಲ, ಣ ಬಂದರೆ ನ. ನಾನು ಅದನ್ನೇ ಹೇಳಿದೆ. ಮೂಲೆಯಲ್ಲಿ ಕೂತಿದ್ದ ಆಪಾ ಇದ್ದಕ್ಕಿದ್ದಂತೆ, ‘ಪರೀಕ್ಷೆಯಲ್ಲಿ ನಾನು ಳ ಬದಲು ಲ ಬರೆದ್ರೆ ತಪ್ಪು, ನೀವು ಆಟದಲ್ಲಿ ಮಾಡಿದ್ರೆ ರೂಲ್ಸಾ?’ ಅಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ತಿಂಗಳ ಮೇಲೆ ಅವಳು ಕನ್ನಡದ ವಿಷಯಕ್ಕೆ ಬಾಯಿ ಬಿಟ್ಟದ್ದು ಅದೇ ಮೊದಲು. ಉರ್ದುವಿನಲ್ಲಿ ಳ ಇಲ್ಲ. ಕಿವಿಗೆ ಅಭ್ಯಾಸವಿಲ್ಲದ ಧ್ವನಿ ಕೈಗೂ ಬರುವುದಿಲ್ಲ. ಇವಳಿಗೆ ಬೇಕಿರುವುದು ಇನ್ನೊಂದು ಗೈಡ್ ಪುಸ್ತಕ ಅಲ್ಲ ಅಂತ ಅವತ್ತು ನನಗೆ ಹೊಳೆಯಿತು. ತಪ್ಪು ಮಾಡಿದರೂ ನಕ್ಕು ಮುಂದೆ ಹೋಗಬಹುದಾದ ಒಂದು ಜಾಗ ಬೇಕಿತ್ತು.

ಕೆಲಸ ಕಳೆದುಕೊಂಡವನ ಆಟ

ಇಂಗ್ಲಿಷಿನ ‘ಸ್ಕ್ರ್ಯಾಬಲ್’ ಆಟ ನೀವು ನೋಡಿರಬಹುದು. ಅದನ್ನು ಕಂಡುಹಿಡಿದವನ ಕಥೆ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಆಲ್ಫ್ರೆಡ್ ಬಟ್ಸ್ ಅಮೆರಿಕದ ಒಬ್ಬ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅವನ ಕೆಲಸ ಹೋಯಿತು. ಮನೆಯಲ್ಲಿ ಕೂತವನು ದಿನಪತ್ರಿಕೆ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿದ. ಹೆಚ್ಚು ಬರುವ ಅಕ್ಷರಕ್ಕೆ ಹೆಚ್ಚು ಬಿಲ್ಲೆ, ಕಡಿಮೆ ಅಂಕ. ಅಪರೂಪದ್ದಕ್ಕೆ ಒಂದೇ ಬಿಲ್ಲೆ, ಹತ್ತು ಅಂಕ. ಬಿಲ್ಲೆಗಳನ್ನು ಕೈಯಲ್ಲೇ ಮಾಡಿದ. ಆಟದ ಕಂಪನಿಗಳು ‘ಬೇಡ’ ಅಂದವು. 1948ರಲ್ಲಿ ಜೇಮ್ಸ್ ಬ್ರೂನೊ ಎಂಬಾತ ಅದಕ್ಕೆ ಈಗಿನ ಹೆಸರಿಟ್ಟು ಮಾರುಕಟ್ಟೆಗೆ ತಂದ.

ನಾನೂ ಕನ್ನಡ ಪೇಪರಿನ ಸಂಪಾದಕೀಯ ಪುಟ ಹರಡಿ ಪೆನ್ಸಿಲ್ ಹಿಡಿದು ಕೂತೆ. ರ, ದ, ಲ, ನ, ತ, ಗ, ವ ಸಾಲುಸಾಲಾಗಿ ಬಂದವು. ಘ, ಛ, ಠ, ಢ ಹುಡುಕಿದರೆ ಒಂದೊಂದು. ಝ ಕಾಣುವುದೇ ಕಷ್ಟ. ಶಾಲೆಯಲ್ಲಿ ಕಷ್ಟಪಟ್ಟು ತಿದ್ದಿದ್ದ ಙ, ಞ ಇಡೀ ಪುಟದಲ್ಲಿ ಇಲ್ಲವೇ ಇಲ್ಲ. ಅವುಗಳ ಕೆಲಸವನ್ನು ಬಹುತೇಕ ಸೊನ್ನೆಯೇ ಮಾಡುತ್ತದೆ.

ಎಣಿಸುವುದು ಸುಲಭವಾಯಿತು, ಬಿಲ್ಲೆ ಮಾಡುವುದು ಕಷ್ಟವಾಯಿತು. ಇಂಗ್ಲಿಷಿಗೆ 26 ಅಕ್ಷರ ಸಾಕು. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಅಷ್ಟೇ ಆಗಿದ್ದರೆ ಸರಿ. ಕ ಎಂಬ ಒಂದಕ್ಕೇ ಕಾ, ಕಿ, ಕೀ, ಕು, ಕೂ ಎಂದು ಕಾಗುಣಿತದ ಸಾಲು. ಅದರ ಮೇಲೆ ಒತ್ತಕ್ಷರ. ಎಲ್ಲಕ್ಕೂ ಬಿಲ್ಲೆ ಮಾಡಲು ಹೊರಟರೆ ರಾಜೀವನಗರದ ಎಲ್ಲ ಮದುವೆ ಕಾರ್ಡು ತಂದರೂ ಸಾಲದು.

ಎರಡು ವಾರ ಗುಂಪಿನಲ್ಲಿ ಇದೇ ಚರ್ಚೆ. ಕೊನೆಗೆ ನಾವು ಮಾಡಿಕೊಂಡ ನಿಯಮಗಳು ಇವು:

• ಬಿಲ್ಲೆಯ ಮೇಲೆ ಬರೀ ವ್ಯಂಜನ: ಕ, ಗ, ಮ, ರ ಹೀಗೆ. ಗುಣಿತ ಆಡುವವರ ಇಷ್ಟ. ‘ಕ’ ಬಿಲ್ಲೆಯನ್ನು ಕಿ, ಕೂ, ಕೋ ಏನು ಬೇಕಾದರೂ ಅನ್ನಬಹುದು. ಆದರೆ ಪದವನ್ನು ಜೋರಾಗಿ ಹೇಳಬೇಕು, ಹಾಳೆಯ ಮೇಲೆ ಸರಿಯಾಗಿ ಬರೆದೂ ತೋರಿಸಬೇಕು.

• ಪದದ ಮೊದಲಲ್ಲಿ ಬರುವ ಸ್ವರಕ್ಕೆ ಚುಕ್ಕಿ ಇಟ್ಟ ಖಾಲಿ ಬಿಲ್ಲೆ. ಅದು ಅ, ಆ, ಇ, ಊ ಯಾವುದಾದರೂ ಆಗಬಹುದು.

• ಒತ್ತಕ್ಷರಕ್ಕೆ ಅರ್ಧ ಗಾತ್ರದ ಬಿಲ್ಲೆ. ಅದನ್ನು ದೊಡ್ಡ ಬಿಲ್ಲೆಯ ಕೆಳಗೆ ಇಡಬೇಕು.

• ಸೊನ್ನೆಗೆ ಒಂದು ಹುಣಸೆ ಬೀಜ.

• ಜಗಳ ಬಂದರೆ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ತೆಗೆಯುವುದು. ಮೊಬೈಲ್ ಮುಟ್ಟುವಂತಿಲ್ಲ.

ಅಮ್ಮಿಯ ಶೂ ಡಬ್ಬಿಯಿಂದ ಮೂವತ್ತು ಕಾರ್ಡು ಹೊರಬಂದವು. ಖಾಲಿ ಬದಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ಅಕ್ಷರ ಬರೆದವಳು ಆಪಾ. ಅವಳ ಕೈಬರಹ ಚಂದ ಎಂಬ ನೆಪ ಹೇಳಿದ್ದು ನಾನು. ಮುಂಭಾಗದಲ್ಲಿ ಚಿನ್ನದ ಬಣ್ಣದ ಹೂಬಳ್ಳಿ, ಹಿಂದೆ ಕನ್ನಡ ಅಕ್ಷರ. ನೂರಿಪ್ಪತ್ತು ಬಿಲ್ಲೆಗಳಾದವು. ಕೇರಂ ಬೋರ್ಡನ್ನು ಬೋರಲು ಹಾಕಿದರೆ ಅದೇ ನಮ್ಮ ಆಟದ ಹಲಗೆ.

ಮ, ಸ, ರ

ಹಲಗೆ ಆಟಕ್ಕೆ ಮೊದಲು ಒಂದು ಚಿಕ್ಕ ಆಟ ಆಡುತ್ತಿದ್ದೆವು, ಈಗಲೂ ಆಡುತ್ತೇವೆ. ಹೆಸರು ‘ಗುಣಿತ ನಿನ್ನದು’. ಮಧ್ಯದಲ್ಲಿ ಎರಡೋ ಮೂರೋ ಬಿಲ್ಲೆ ಇಡುವುದು. ಅಕ್ಷರಗಳ ಸಾಲು ಬದಲಿಸದೆ, ಬೇಕಾದ ಗುಣಿತ ಸೇರಿಸಿ ಎಷ್ಟು ಪದ ಹೊರಡಿಸುತ್ತೀರಿ? ಒಂದು ಪದಕ್ಕೆ ಒಂದು ಅಂಕ.

ಮೊದಲ ಸಲ ಬಿದ್ದದ್ದು ಮ, ಸ, ರ. ‘ಮೊಸರು’ ಅಂದೆ ನಾನು. ‘ಮೈಸೂರು’ ಅಂದ ಚಿಕ್ಕಪ್ಪನ ಮಗ. ‘ಮುಸುರೆ’ ಅಂದ ನರಸೀಪುರದ ಗೆಳೆಯ. ಅಲ್ಲಿಗೆ ನಿಂತಿತು. ಆಪಾ ಮೆಲ್ಲಗೆ, ‘ಮಸೂರ್ ನಡೆಯುತ್ತಾ? ಬೇಳೆ?’ ಅಂದಳು. ನಡೆಯುತ್ತೋ ಇಲ್ಲವೋ ಎಂದು ನಾವು ತಲೆ ಕೆರೆಯುವಾಗ ಅವಳ ಗೆಳತಿ, ಬಿ.ಎಸ್ಸಿ. ಓದಿದವಳು, ಕೈ ತಟ್ಟಿದಳು: ‘ಪೀನ ಮಸೂರ, ನಿಮ್ನ ಮಸೂರ! ಹೈಸ್ಕೂಲಿನ ವಿಜ್ಞಾನದಲ್ಲಿ ಓದಿಲ್ವಾ?’ ಬೆಳಕಿನ ಪಾಠದ ಮಸೂರಕ್ಕೂ ಅಡುಗೆಮನೆಯ ಮಸೂರ್ ಬೇಳೆಗೂ ಆಕಾರ ಒಂದೇ ಅಂತ ಅಷ್ಟು ವರ್ಷ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮುಂದಿನದು ಕ, ಲ. ಆಪಾ ಬರೆಯುತ್ತಾ ಹೋದಳು: ಕಲಿ, ಕಲೆ, ಕಾಲ, ಕಾಲು, ಕೀಲಿ, ಕೀಲು, ಕುಲ, ಕೂಲಿ, ಕೊಲೆ, ಕೋಲು. ಹತ್ತು ಪದ! ಕನ್ನಡ ಮಾಧ್ಯಮದ ನಾನು ಆರಕ್ಕೆ ನಿಂತಿದ್ದೆ. ‘ಅಕ್ಕೋ, ಎಲ್ಲಿಟ್ಟಿದ್ರಿ ಇಷ್ಟು ದಿನ ಇದನ್ನೆಲ್ಲ?’ ಎಂದು ಗೆಳೆಯ ಬೆರಗಾದ.

ಅವಳು ಕೊಟ್ಟ ಉತ್ತರ ನನಗೆ ಇವತ್ತಿಗೂ ನೆನಪಿದೆ. ‘ಇದು ನಮಗೆ ಹೊಸದಲ್ಲ ತಮ್ಮಾ. ಉರ್ದು ಓದೋದೇ ಹೀಗೆ’ ಅಂದಳು. ನಿಜ. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳಿಗೆ ಜಬರ್, ಜೇರ್, ಪೇಶ್ ಎಂಬ ಚಿಹ್ನೆಗಳಿವೆ. ಆದರೆ ದಿನನಿತ್ಯದ ಬರಹದಲ್ಲಿ ಅವನ್ನು ಹಾಕುವುದಿಲ್ಲ. ಅಲಿಫ್, ಸೀನ್ ಎರಡೇ ಅಕ್ಷರ ಬರೆದರೆ ಅದು ‘ಇಸ್’ ಆಗಬಹುದು, ‘ಉಸ್’ ಆಗಬಹುದು. ಇದೋ ಅದೋ ಎಂಬುದನ್ನು ಓದುವವರೇ ಸಂದರ್ಭ ನೋಡಿ ತೀರ್ಮಾನಿಸಬೇಕು. ಬರೀ ಅಸ್ಥಿಪಂಜರ ನೋಡಿ ಪದ ಗುರುತಿಸುವುದನ್ನು ಅವಳು ಹತ್ತು ವರ್ಷ ಮಾಡಿದ್ದಳು. ತನ್ನ ಕೊರತೆ ಅಂದುಕೊಂಡಿದ್ದ ಉರ್ದು ಮಾಧ್ಯಮವೇ ಈ ಕನ್ನಡ ಆಟದಲ್ಲಿ ಅವಳ ಕೈ ಹಿಡಿಯಿತು. ಮುಂದಿನ ಭಾನುವಾರ ಮಂಚದ ಕೆಳಗಿನ ಬ್ಯಾಗು ಹೊರಗೆ ಬಂದಿತ್ತು.

ಎಲ್ಲರಿಗೂ ಒಂದೊಂದು ಅಕ್ಷರದ ಕಾಟ

ಆಡುತ್ತಾ ಹೋದಂತೆ ಇನ್ನೊಂದು ವಿಷಯ ತಿಳಿಯಿತು. ತಪ್ಪು ಆಪಾಳದ್ದು ಮಾತ್ರ ಅಲ್ಲ. ನಮ್ಮ ನರಸೀಪುರದ ಗೆಳೆಯ ಅಪ್ಪಟ ಕನ್ನಡದವನು. ಆದರೆ ಅವನ ಬಾಯಲ್ಲಿ ‘ಹಕ್ಕಿ ಹಾರುತ್ತಿದೆ’ ಎಂಬುದು ‘ಅಕ್ಕಿ ಆರ್ತಾ ಅದೆ’. ಬರೆಯುವಾಗಲೂ ಹ ಜಾರಿಬಿಡುತ್ತದೆ. ಕಾನ್ವೆಂಟಿನ ತಮ್ಮನಿಗೆ ಒತ್ತಕ್ಷರ ಕಂಡರೆ ಬೆವರು. ನನಗೆ ಮಹಾಪ್ರಾಣದ ಗೊಂದಲ. ‘ದನ’ ಬರೆಯಬೇಕಾದ ಕಡೆ ‘ಧನ’ ಬರೆದು ಹಟ್ಟಿಯಲ್ಲಿ ದುಡ್ಡು ಕಟ್ಟಿಹಾಕಿದ್ದೇನೆ.

ಹಾಗಾಗಿ ‘ಜೋಡಿ ಆಟ’ ಶುರುವಾಯಿತು. ಕಾರ್ಡಿನ ತುಂಡುಗಳ ಮೇಲೆ ಒಂದೇ ಅಕ್ಷರದಲ್ಲಿ ಬೇರೆಯಾಗುವ ಪದಗಳು: ಹಾಲು–ಹಾಳು, ಹುಲಿ–ಹುಳಿ, ಬಲೆ–ಬಳೆ, ಗಾಲಿ–ಗಾಳಿ, ಹಲ್ಲಿ–ಹಳ್ಳಿ, ಅಕ್ಕಿ–ಹಕ್ಕಿ, ಆಡು–ಹಾಡು, ಆಸನ–ಹಾಸನ. ಒಬ್ಬರು ಜೋಡಿ ಎತ್ತಿ, ಎರಡೂ ಪದ ಬರುವಂತೆ ಒಂದೇ ವಾಕ್ಯ ಹೇಳಬೇಕು. ಉಳಿದವರು ಅದನ್ನು ಕೇಳಿ ಬರೆಯಬೇಕು. ಹೇಳಿದವರ ಉಚ್ಚಾರ ತಪ್ಪಿದರೆ ಬರೆದವರೆಲ್ಲ ತಪ್ಪುತ್ತಾರೆ, ಹೇಳಿದವರ ಅಂಕ ಹೋಗುತ್ತದೆ. ‘ಹಳ್ಳಿ ಮನೆ ಗೋಡೆ ಮೇಲೆ ಹಲ್ಲಿ’ ಎಂದು ಆಪಾ ಸರಿಯಾಗಿ ಹೇಳಿದ ದಿನ ಚಹಾ ಅವಳ ಲೆಕ್ಕದಲ್ಲಿ.

ಕಾನ್ವೆಂಟಿನ ತಮ್ಮನಿಗೆ ಮದ್ದು ಅರ್ಧ ಬಿಲ್ಲೆ. ಕ, ರ, ಮ ಮೂರೇ ಅಕ್ಷರ. ‘ಕ’ದ ಕೆಳಗೆ ಪುಟ್ಟ ರ ಇಟ್ಟು ಪಕ್ಕದಲ್ಲಿ ಮ ಇಟ್ಟರೆ ಕ್ರಮ. ‘ಕ’ದ ಪಕ್ಕದಲ್ಲಿ ರ ಇಟ್ಟು ಅದರ ಕೆಳಗೆ ಪುಟ್ಟ ಮ ಇಟ್ಟರೆ ಕರ್ಮ. ಕಾಗದದಲ್ಲಿ ಅರ್ಕಾವೊತ್ತು ಆಮೇಲೆ ಬರೆದರೂ ಬಾಯಲ್ಲಿ ರ್ ಮೊದಲು ಬರುತ್ತದೆ ಎಂಬುದು ಅವನಿಗೆ ಕಣ್ಣಾರೆ ಕಂಡಿತು. ‘ಇಷ್ಟೇನಾ? ಇದನ್ನ ಹದಿನೈದು ವರ್ಷ ಹೆದರಿಕೊಂಡೇ ಬರೆದಿದ್ದೀನಲ್ಲ’ ಎಂದ.

ಪರೀಕ್ಷೆಗೆ ನೇರವಾಗಿ ಬೇಕಾದ ಆಟವೂ ಇದೆ. ತತ್ಸಮ ಒಂದು ಕಾರ್ಡಿನಲ್ಲಿ, ತದ್ಭವ ಇನ್ನೊಂದರಲ್ಲಿ: ವಿದ್ಯಾ–ಬಿಜ್ಜೆ, ಕಾರ್ಯ–ಕಜ್ಜ, ಸಂಧ್ಯಾ–ಸಂಜೆ, ಯುಗ–ಜುಗ, ಶ್ರೀ–ಸಿರಿ. ಎಲ್ಲವನ್ನೂ ಬೋರಲು ಹರಡಿ, ಸರದಿಯ ಮೇಲೆ ಎರಡೆರಡು ತೆರೆಯುವುದು. ಜೋಡಿ ಸಿಕ್ಕರೆ ನಿಮ್ಮದು. ನೆನಪಿನ ಆಟವೂ ಆಯಿತು, ವ್ಯಾಕರಣವೂ ಆಯಿತು.

ಬಸ್ಸಿನಲ್ಲಿ ಕೂತೂ ಆಡಬಹುದಾದದ್ದು ‘ಮೆಟ್ಟಿಲು’. ಒಂದು ಪದದಿಂದ ಇನ್ನೊಂದಕ್ಕೆ ಒಂದೊಂದೇ ಅಕ್ಷರ ಬದಲಿಸುತ್ತಾ ಹೋಗುವುದು, ನಡುವೆ ಬರುವುದೆಲ್ಲ ಅರ್ಥವಿರುವ ಪದವೇ ಆಗಿರಬೇಕು. ಇಂಗ್ಲಿಷಿನಲ್ಲಿ ಇಂಥದ್ದನ್ನು 1870ರ ದಶಕದಲ್ಲಿ ಲೂಯಿಸ್ ಕ್ಯಾರಲ್ ಹುಟ್ಟುಹಾಕಿದ. ನಮ್ಮ ಗುಂಪಿನ ದಾಖಲೆ ಇದು: ಕೂಲಿ, ಗಾಲಿ, ಗಾಡಿ. ‘ಕೂಲಿಯಿಂದ ಗಾಡಿಗೆ ಎರಡೇ ಮೆಟ್ಟಿಲು, ನಮ್ಮ ಬದುಕಲ್ಲಿ ಯಾಕೆ ಹಿಂಗಾಗಲ್ಲ ಮಗಾ?’ ಎಂದು ಗೆಳೆಯ ನಿಟ್ಟುಸಿರು ಬಿಟ್ಟ.

‘ಅರ್ಜಿ’ ಯಾರದು?

ಜಗಳಗಳೂ ಆಗಿವೆ. ಒಮ್ಮೆ ಆಪಾ ‘ಅರ್ಜಿ’ ಇಟ್ಟಳು. ‘ಅದು ನಿಮ್ಮ ಉರ್ದು ಪದ ಅಕ್ಕ, ಆಗಲ್ಲ’ ಎಂದು ಗೆಳೆಯ ತಕರಾರು ತೆಗೆದ. ‘ತಕರಾರು ಮಾತ್ರ ಯಾವೂರಿನದು?’ ಎಂದಳು ಅವಳು. ನಿಘಂಟು ಬಿಚ್ಚಿದೆವು. ಎರಡೂ ಕನ್ನಡ ನಿಘಂಟಿನಲ್ಲಿ ಹಾಯಾಗಿ ಕೂತಿದ್ದವು. ಅವತ್ತು ಆಟ ಬಿಟ್ಟು ಪಟ್ಟಿ ಮಾಡುತ್ತಾ ಕೂತೆವು: ಸರ್ಕಾರ, ನೌಕರಿ, ಹುದ್ದೆ, ಖಾಲಿ, ಹಾಜರು, ವಜಾ, ಜಿಲ್ಲೆ, ತಾಲ್ಲೂಕು. ಅರಬ್ಬಿ, ಪಾರ್ಸಿಯಿಂದ ಹೊರಟು ಕನ್ನಡಕ್ಕೆ ಬಂದು ಇಲ್ಲೇ ಉಳಿದ ಪದಗಳು. ಅಂದರೆ ‘ಖಾಲಿ ಹುದ್ದೆಗೆ ಅರ್ಜಿ’ ಎಂಬ ಮೂರು ಪದಗಳನ್ನು ಆಪಾ ತೊಟ್ಟಿಲಲ್ಲೇ ಕೇಳಿದ್ದಳು. ನಮ್ಮ ಕಡೆಯವರಿಗೆ ಒಂದು ಪ್ರಶ್ನೆ ಆಗಾಗ ಎದುರಾಗುತ್ತದೆ. ಒಂದು ಕಡೆ ಸಂದರ್ಶನದಲ್ಲಿ ನನ್ನ ವಿಳಾಸ ನೋಡಿದವರು, ‘ರಾಜೀವನಗರನಾ? ಕನ್ನಡ ಬರುತ್ತಾ?’ ಅಂದಿದ್ದರು. ನಾನು ಅದುವರೆಗೆ ಮಾತಾಡಿದ್ದೆಲ್ಲ ಕನ್ನಡದಲ್ಲೇ. ಆ ಪಟ್ಟಿ ಈಗ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ.

ಮನೆಯಲ್ಲಿ ಅಬ್ಬಾಗೂ ಈ ಆಟದಿಂದ ಹಳೆಯದೆಲ್ಲ ನೆನಪಾಯಿತು. ಉರ್ದುವಿನಲ್ಲಿ ‘ಬೈತ್‌ಬಾಜಿ’ ಎಂಬುದಿದೆ. ಒಬ್ಬರು ಹೇಳಿದ ಶೇರ್‌ನ ಕೊನೆಯ ಅಕ್ಷರದಿಂದ ಇನ್ನೊಬ್ಬರು ಇನ್ನೊಂದು ಶೇರ್ ಹೇಳಬೇಕು. ಅಂತ್ಯಾಕ್ಷರಿಯ ಅಣ್ಣನೋ ತಮ್ಮನೋ ಅನ್ನಿ. ಅಬ್ಬಾ ಹುಡುಗರಾಗಿದ್ದಾಗ ಮದುವೆ ಮನೆಗಳಲ್ಲಿ ರಾತ್ರಿಯಿಡೀ ನಡೆಯುತ್ತಿತ್ತಂತೆ.

ಇನ್ನು ನಮ್ಮ ಮೈಸೂರಂತೂ ಆಟಗಳ ಊರು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಹಲಗೆ ಆಟಗಳನ್ನೂ ಗಂಜೀಫಾ ಎಲೆಗಳ ಆಟಗಳನ್ನೂ ಕಲ್ಪಿಸಿದವರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಸಮಸ್ಯೆ ಅವರಿಗೆ ಬಲು ಇಷ್ಟ. ಇದೇ ಕುದುರೆ ನಡೆಯಲ್ಲಿ ಅಕ್ಷರಗಳನ್ನು ಕೂರಿಸಿ ಪದ್ಯ ಹೆಣೆಯುವ ವಿದ್ಯೆಯನ್ನು ಒಂಬತ್ತನೇ ಶತಮಾನದ ಕಾಶ್ಮೀರದ ರುದ್ರಟ ತನ್ನ ಅಲಂಕಾರ ಗ್ರಂಥದಲ್ಲಿ ತೋರಿಸಿದ್ದಾನೆ. ನಾವೂ ಪ್ರಯತ್ನಿಸಿದೆವು. ಎಂಟನೇ ಮನೆಗೇ ಕುದುರೆ ಮುಗ್ಗರಿಸಿತು.

ಆಟ ಎಷ್ಟು, ಓದು ಎಷ್ಟು?

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಬಿಲ್ಲೆ ಜೋಡಿಸಿದ ಮಾತ್ರಕ್ಕೆ ಪ್ರಬಂಧ ಬರೆಯಲು, ಪತ್ರ ಬರೆಯಲು ಬರುವುದಿಲ್ಲ. ಅದಕ್ಕೆ ದಿನಾ ಒಂದು ಪುಟ ಬರೆದು ಯಾರಿಗಾದರೂ ತೋರಿಸಲೇಬೇಕು, ಪೇಪರ್ ಓದಲೇಬೇಕು. ಆಪಾ ಅದನ್ನೂ ಮಾಡಿದಳು. ಆಟ ಮಾಡಿದ್ದು ಇಷ್ಟೇ: ಪೆನ್ನು ಹಿಡಿದಾಗ ‘ಲ ಬರೀಲಾ, ಳ ಬರೀಲಾ’ ಎಂದು ನಡುಗುತ್ತಿದ್ದ ಕೈ ನಿಂತಿತು. ತಪ್ಪಿದರೆ ಒಂದು ಅಂಕ ಹೋಗುತ್ತದೆ, ನಾಲ್ಕು ಜನ ನಗುತ್ತಾರೆ, ಮುಂದಿನ ಸರದಿ ಬರುತ್ತದೆ ಅಂತ ಅವಳಿಗೆ ರೂಢಿಯಾಯಿತು.

ಅವಳು ಮತ್ತೆ ಪರೀಕ್ಷೆ ಬರೆದು ಬಂದಿದ್ದಾಳೆ. ಫಲಿತಾಂಶ ಇನ್ನೂ ಬಂದಿಲ್ಲ. ಏನಾಗುತ್ತೋ ನಮಗೆ ಗೊತ್ತಿಲ್ಲ. ಆದರೆ ಹೋದ ಸಲ ಅರ್ಧಕ್ಕೇ ಬಿಟ್ಟಿದ್ದ ಪ್ರಬಂಧವನ್ನು ಈ ಸಲ ಪೂರ್ತಿ ಬರೆದಳಂತೆ, ಇನ್ನೊಂದು ಹಾಳೆ ಕೇಳುವಷ್ಟು. ಬಂದವಳೇ ಮೊದಲು ಹೇಳಿದ್ದು ಅದನ್ನೇ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವ ಕೆಲಸವನ್ನು ನನ್ನಿಂದ ವಾಪಸ್ ತೆಗೆದುಕೊಂಡಿದ್ದಾಳೆ. ನಾನು ಎರಡು ರೂಪಾಯಿ ಜಾಸ್ತಿ ಕೊಟ್ಟು ಬರುತ್ತಿದ್ದೆನಂತೆ.

ನರಸೀಪುರದ ಗೆಳೆಯನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಒಂದು ಸೆಟ್ ಮಾಡಿಸಿಕೊಂಡು ಹೋದ. ಪಿಜಿಯಲ್ಲಿ ಬಳ್ಳಾರಿಯವನು, ಕಾಸರಗೋಡಿನವನು, ಇವನು ಮೂವರೂ ಕೂತು ಆಡುತ್ತಾರಂತೆ. ಯಾವ ಊರಿನ ಪದಕ್ಕೆ ಅಂಕ ಕೊಡಬೇಕು ಎಂದು ದಿನಾ ಜಗಳವಂತೆ. ನಮ್ಮ ಮಹಡಿಯ ಮೇಲೆ ಈಗ ಆಪಾಳ ಟ್ಯೂಷನ್ ಮಕ್ಕಳು ಬಿಲ್ಲೆ ಹರಡಿಕೊಂಡಿರುತ್ತಾರೆ. ಇಬ್ಬರು ಉರ್ದು ಮಾಧ್ಯಮದವರು, ಉಳಿದವರು ಬೇರೆ ಬೇರೆ ಶಾಲೆಯವರು. ಬಿಲ್ಲೆ ಒಂದೆರಡು ಕಳೆಯುತ್ತವೆ, ಅಮ್ಮಿ ಇನ್ನೊಂದು ಕಾರ್ಡು ಕೊಡುತ್ತಾರೆ.

ನಿಮ್ಮ ಹಾಸ್ಟೆಲಿನಲ್ಲೋ ರೂಮಿನಲ್ಲೋ ನಾಲ್ಕು ಜನ ಇದ್ದರೆ ಈ ಭಾನುವಾರವೇ ಶುರು ಮಾಡಿ. ಖರ್ಚು ಏನೂ ಇಲ್ಲ. ಹಳೆಯ ಕಾರ್ಡು, ಕತ್ತರಿ, ಸ್ಕೆಚ್ ಪೆನ್ನು, ಒಂದು ಹಿಡಿ ಹುಣಸೆ ಬೀಜ ಸಾಕು. ಗುಂಪಿನಲ್ಲಿ ‘ನನಗೆ ಕನ್ನಡ ಅಷ್ಟಾಗಿ ಬರಲ್ಲ’ ಎಂದು ಹಿಂದೆ ಸರಿಯುವವರು ಒಬ್ಬರಾದರೂ ಇರುತ್ತಾರೆ. ಅಕ್ಷರ ಬರೆಯುವ ಕೆಲಸ ಅವರಿಗೇ ಕೊಡಿ. ಮೊದಲ ಆಟಕ್ಕೆ ಮ, ಸ, ರ ಇಟ್ಟು ನೋಡಿ. ನಮಗೆ ನಾಲ್ಕು ಪದ ಸಿಕ್ಕಿವೆ. ಐದನೆಯದು ನಿಮಗೆ ಸಿಕ್ಕರೆ ಆಪಾ ಸೋಲು ಒಪ್ಪಿಕೊಳ್ಳುತ್ತಾಳಂತೆ.